ಬಿಡಿಸಿ ಬರೆಯಿರಿ

ಹತ್ತನೇ 'ಸಿ' ಸೆಕ್ಷನ್ನು, ಕೌಲ್ ಬಜಾರಿನ ಹಿಂದಿನ ಶಾಲೆ.
ಕಿಟಕಿ ತುಂಬ ಬಳ್ಳಾರಿಯ ಗುಡ್ಡ,
ಬೆಳಿಗ್ಗೆ ಹತ್ತಕ್ಕೇ ರೊಟ್ಟಿ ಹಂಚಿನಂತೆ ಕಾದು
ನಮ್ಮ ಮೇಲೆ ಉಸಿರು ಬಿಡುತ್ತದೆ.

ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಕೆಂಪು ಶಾಯಿಯಲ್ಲಿ ನಾನೇ ಬರೆದ ಪಟ್ಟಿ:
ನಿಧಾನ ಕಲಿಕೆ, ಹದಿನಾಲ್ಕು.
ಅವರಿಗೆ ಪದ್ಯ ಬೇಡ ಎಂದಿದ್ದರು ಮೀಟಿಂಗಿನಲ್ಲಿ,
ಪತ್ರಲೇಖನ ಮಾಡಿಸಿ, ಒಂದೆರಡು ಗಾದೆ,
ಪಾಸಿನ ಗೆರೆ ದಾಟಿಸಿದರೆ ಸಾಕು.
ನಾನೂ ತಲೆಯಾಡಿಸಿದ್ದೆ. ಚಹಾ ಆರುತ್ತಿತ್ತು.

ಅಂದು ಬೋರ್ಡಿನ ಮೇಲೆ ಒಂದು ಹಳಗನ್ನಡದ ಸಾಲು,
ಉಸಿರು ತೆಗೆದುಕೊಳ್ಳಲೂ ಸಂದಿಲ್ಲದ್ದು:
ಕಣ್ಗೆಟ್ಟಿರುಳೊಳೊರ್ವಳೆ ನಡೆದಳ್.
ನಲವತ್ತೊಂದು ಮುಖ, ನಲವತ್ತೊಂದು ಇಳಿಸಿದ ಶಟರು.
"ಬಿಡಿಸಿ ಬರೆಯಿರಿ" ಎಂದೆ,
ಹದಿನೇಳು ವರ್ಷ ಎಂದಂತೆ.

ಶಮ್ಷಾದ್, ಓದು ಎಂದರೆ ಬೆವರುವ ಹುಡುಗಿ,
ಸಾಲಿನಲ್ಲಿ ನಿಲ್ಲೆಂದರೂ ನಿಲ್ಲವು ಅವಳಿಗೆ ಅಕ್ಷರಗಳು,
ಸಂಜೆ ಜೀನ್ಸ್ ಯೂನಿಟ್ಟಿನಲ್ಲಿ ಅಮ್ಮನ ಪಕ್ಕ ಕೂತು
ಡಜನ್ನಿಗಿಷ್ಟೆಂದು ದಾರ ಕತ್ತರಿಸುವವಳು,
ಉಗುರಿನ ಸುತ್ತ ತೊಳೆದರೂ ಹೋಗದ ನೀಲಿ,
ಬೋರ್ಡನ್ನು ಓದಲಿಲ್ಲ. ನೋಡಿದಳು,
ತಪ್ಪಾಗಿ ಕೂಡಿಸಿದ ಜೇಬನ್ನು ನೋಡುವಂತೆ.
"ಟೀಚರ್, ಹೊಲಿಗಿ ಎಲ್ಲೈತಿ ತೋರಸ್ರಿ,
ಬಿಚ್ಚಾದು ನಾ ಬಿಚ್ತೀನಿ."

ತೋರಿಸಲು ಹೋದೆ. ಒಂದು ಕ್ಷಣ ನನಗೇ ಸಿಗಲಿಲ್ಲ.
ಬಾಯಿಪಾಠವಿತ್ತು, ಹೊಲಿಗೆ ನೋಡಿರಲಿಲ್ಲ.

ಮರುದಿನ ಅವಳೇ ತಂದಳು ಒಂದು ಚೀಲ ಚಿಂದಿ.
ತುಂಡಿಗೊಂದು ಪದ, ಸೀಮೆಸುಣ್ಣದಲ್ಲಿ ಬರೆದು
ಕಚ್ಚಾ ಹೊಲಿಗೆ ಹಾಕಿ ಸಾಲು ಮಾಡಿದೆವು.
ದಾರ ಎಳೆದರೆ ಕಣ್ ಬಂತು, ಕೆಟ್ಟ ಬಂತು,
ಕ ಹೋಗಿ ಗ ಆದಲ್ಲಿ ಒಂದು ಮಡಿಕೆ,
ಇರುಳೊಳ್ ಬಂತು, ಆಮೇಲೆ ಒರ್ವಳೆ,
ನಿಜಕ್ಕೂ ಒಬ್ಬಳೇ, ಡೆಸ್ಕಿನ ತುದಿಯಲ್ಲಿ.

ಗಾದಿಲಿಂಗನಿಗೆ ಕಿವಿ ಕೇಳಿಸದು.
ಎರಡು ವರ್ಷ ನನ್ನ ತುಟಿ ಓದಿದ್ದ,
ನಾನು ಬೋರ್ಡಿಗೆ ತಿರುಗಿದಾಗಲೆಲ್ಲ ನನ್ನ ಜಡೆ ಓದಿದ್ದ.
ಅವನ ಅಂಗೈಯನ್ನು ಬೆಂಚಿನ ಮೇಲಿರಿಸಿ
ಲಘುವಿಗೆ ಬೆರಳು, ಗುರುವಿಗೆ ಮುಷ್ಟಿ ಕುಟ್ಟುತ್ತ ಹೋದೆ.
ಮೂರನೆಯ ಸಾಲಿಗೆ ಅವನೇ ನನ್ನ ಕೈ ಹಿಡಿದು ನಿಲ್ಲಿಸಿದ:
ಒಂದು ಮಾತ್ರೆ ನುಂಗಿದ್ದೆ ನಾನು.

ಕೈಪಿಡಿಯಲ್ಲಿತ್ತು ಸಾರಾಂಶ:
ಕಣ್ಣು ಕಾಣದ ಹೆಣ್ಣೊಬ್ಬಳು ರಾತ್ರಿ ನಡೆದಳು.
ಅದನ್ನೇ ಬರೆಸಿದ್ದೆ ಇಷ್ಟು ವರ್ಷ, ಎರಡಂಕಕ್ಕೆ.
ಸುಂಕಮ್ಮ, ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವವಳು,
ಚಿಂದಿಗಳ ಮೇಲೆ ಬೆರಳಾಡಿಸಿ
ಕೆಟ್ಟ ಎಂಬುದನ್ನು ಇರುಳಿಗೆ ಜೋಡಿಸಿದಳು:
"ಕಣ್ಣು ಹೋಗಿದ್ದು ರಾತ್ರಿದ್ರೀ ಟೀಚರ್, ಅಕಿದಲ್ಲ.
ಅಕಿಗೆ ದಾರಿ ಗೊತ್ತೈತಿ."

ಫ್ಯಾನು ಕಿರುಗುಟ್ಟುತ್ತಿತ್ತು.
ಕೈಪಿಡಿಯ ಆ ಸಾಲಿನ ಮೇಲೆ
ನನ್ನದೇ ಅಕ್ಷರದ 'ಮುಖ್ಯ' ಎಂಬ ಗುರುತು.

ಎಲ್ಲರಿಗೂ ಬಂತೆಂದು ಹೇಳಲಾರೆ.
ರಾತ್ರಿಯಿಡೀ ಪ್ಯಾಂಟು ತೊಳೆವ ಘಟಕದಲ್ಲಿ
ಅಪ್ಪನ ಬದಲು ನಿಂತು ಬಂದ ಎರ್ರಿಸ್ವಾಮಿ
ಚಿಂದಿಯ ಚೀಲವನ್ನೇ ದಿಂಬು ಮಾಡಿ ಮಲಗಿದ.
ಅವನ ಬೆಂಚೊಂದನ್ನು ಕುಟ್ಟದೆ ಬಿಟ್ಟೆವು.
ಮೊದಲ ಬೆಂಚಿನ ವಿನುತಾ ದೂರಿದಳು,
ಹೀಗಾದರೆ ಪೋರ್ಷನ್ ಮುಗಿಯೋದಿಲ್ಲ ಟೀಚರ್.
ಮುಗಿಯಲಿಲ್ಲ.

ಪಟ್ಟಿ ಇನ್ನೂ ಅಲ್ಲೇ ಇದೆ. ಹಾಳೆ ಹರಿದರೆ
ಪುಟಸಂಖ್ಯೆ ತಪ್ಪುತ್ತದೆ, ಹೆಡ್‌ಮಾಸ್ತರು ಕೇಳುತ್ತಾರೆ.

ಪರೀಕ್ಷೆಯಲ್ಲಿ ಅದೇ ಸಾಲು ಬಂತು.
ಬರೆದೆನೆಂದಳು ಸುಂಕಮ್ಮ, ರಾತ್ರಿಯ ಕಣ್ಣಿನ ಸಂಗತಿ,
ದೊಡ್ಡ ದೊಡ್ಡ ಅಕ್ಷರದಲ್ಲಿ, ಪುಟ ತುಂಬ.
ಉತ್ತರಪತ್ರಿಕೆಯ ಕಟ್ಟು ಸೀಲಾಗಿ
ಬೇರೆ ಯಾವುದೋ ಜಿಲ್ಲೆಗೆ ಹೋಗಿದೆ,
ಅಲ್ಲಿ ಯಾರೋ ಒಬ್ಬರು ಕೆಂಪು ಪೆನ್ನು ಬಿಚ್ಚಿ ಕೂತಿರುತ್ತಾರೆ.
ಅವರ ಮೇಜಿನ ಮೇಲೂ
ಅದೇ ಕೈಪಿಡಿ.